ಜಿಯೋಕೆಮಿಕಲ್ ನಕ್ಷೆಯಲ್ಲಿ ಎರಡು ಕಡೆ ಕೆಂಪು: ಮೊದಲು ಎಲ್ಲಿಗೆ ಹೋಗಲಿ?

ಧಾರವಾಡ_ಎಂಎಸ್ಸಿ:
ನಮಸ್ಕಾರ. ನಾನು ಭೂವಿಜ್ಞಾನ ಎರಡನೇ ವರ್ಷದ ವಿದ್ಯಾರ್ಥಿನಿ. ಪ್ರಾಜೆಕ್ಟಿಗೆ ಚಿತ್ರದುರ್ಗ ಶಿಸ್ಟ್ (ಪದರಪದರವಾಗಿರುವ ಹಳೆಯ ಕಲ್ಲು) ಪಟ್ಟಿಯ ಒಂದು ಟೋಪೋಶೀಟ್ (ಸರ್ವೇ ನಕ್ಷೆಯ ಒಂದು ಹಾಳೆ) ತಗೊಂಡಿದ್ದೇನೆ. ಜಿಎಸ್‌ಐನ (ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ) ಭೂಕೋಶ್ ಪೋರ್ಟಲ್‌ನಿಂದ ಹಳ್ಳದ ಮೆಕ್ಕಲಿನ ಡೇಟಾ ಇಳಿಸಿಕೊಂಡು ನಕ್ಷೆ ಮಾಡಿದೆ, ಅಂಕಿ ಜಾಸ್ತಿ ಇರುವ ಚೌಕಕ್ಕೆ ಕೆಂಪು ಬಣ್ಣ. ಒಂದು ಕಡೆ ಏಳೆಂಟು ಚೌಕ ಪೂರ್ತಿ ಕ್ರೋಮಿಯಂ, ನಿಕಲ್. ಅಂಕಿ ತುಂಬಾ ಜಾಸ್ತಿ. ಇನ್ನೊಂದು ಕಡೆ ಎರಡೇ ಚೌಕದಲ್ಲಿ ಆರ್ಸೆನಿಕ್, ಜೊತೆಗೆ ಸ್ವಲ್ಪ ಆಂಟಿಮನಿ. ಅಲ್ಲಿ ಚಿನ್ನದ ಅಂಕಿ ಹೇಳಿಕೊಳ್ಳುವಷ್ಟಿಲ್ಲ. ಫೀಲ್ಡಿಗೆ ನಾಲ್ಕೇ ದಿನ ಸಿಕ್ಕಿದೆ. ದೊಡ್ಡ ಅಂಕಿ ಇರುವ ಕಡೆಗೇ ಹೋಗಬೇಕಲ್ವಾ?

ಹಳ್ಳದ_ಮರಳು:
ನೋಡಮ್ಮ, ಅಂಕಿಗಿಂತ ಮೊದಲು ಅದರ ಕೆಳಗೆ ಯಾವ ಕಲ್ಲಿದೆ ನೋಡು. ಅಲ್ಟ್ರಾಮಾಫಿಕ್ (ಮೆಗ್ನೀಸಿಯಂ, ಕಬ್ಬಿಣ ಹೆಚ್ಚಿರುವ ಕಪ್ಪು) ಕಲ್ಲಿನಲ್ಲಿ ಕ್ರೋಮಿಯಂ, ನಿಕಲ್ ಹುಟ್ಟಿನಿಂದಲೇ ಸಾವಿರ ಪಿಪಿಎಂ (ಹತ್ತು ಲಕ್ಷದಲ್ಲಿ ಸಾವಿರ ಭಾಗ) ದಾಟುತ್ತವೆ. ಇಡೀ ಶೀಟಿಗೆ ಒಂದೇ ಮಿತಿ ಇಟ್ಟರೆ ಕಲ್ಲಿನ ನಕ್ಷೆಯನ್ನೇ ಇನ್ನೊಮ್ಮೆ ಬರೆದ ಹಾಗಾಗುತ್ತದೆ. ಒಂದೊಂದು ಬಗೆಯ ಕಲ್ಲಿನ ಡೇಟಾ ಬೇರೆ ಮಾಡಿ, ಅದರದೇ ಮೀಡಿಯನ್ (ಸಾಲಾಗಿ ಜೋಡಿಸಿದಾಗ ನಡುವೆ ಬರುವ ಅಂಕಿ) ತೆಗೆದು, ಅದಕ್ಕಿಂತ ಯಾವುದು ಎದ್ದು ಕಾಣುತ್ತದೆ ನೋಡು. ಹಾಗಂತ ಕ್ರೋಮಿಯಂ ಬಿಟ್ಟೇಬಿಡು ಅನ್ನುವುದಿಲ್ಲ. ಹಾಸನ ಜಿಲ್ಲೆ ಬೈರಾಪುರದ ಕ್ರೋಮೈಟ್ ಗಣಿ ಇರುವುದೂ ಇಂಥ ಕಲ್ಲಿನಲ್ಲೇ.

ನಾಲ್ಕೇ ದಿನ ಅಂದರೆ ನಾನು ಆರ್ಸೆನಿಕ್ ಕಡೆ ಹೋಗುತ್ತೇನೆ. ಹಟ್ಟಿಯಲ್ಲೂ ತುಮಕೂರು ಜಿಲ್ಲೆಯ ಅಜ್ಜನಹಳ್ಳಿಯಲ್ಲೂ ಚಿನ್ನದ ಜೊತೆ ಆರ್ಸೆನೋಪೈರೈಟ್ (ಆರ್ಸೆನಿಕ್ ಇರುವ ಖನಿಜ) ಇದೆ. ಚಿನ್ನ ಕಾಳುಕಾಳಾಗಿ ಇರುತ್ತದೆ. ನಿನ್ನ ಸ್ಯಾಂಪಲ್ಲಿಗೆ ಒಂದು ಕಾಳು ಬಿದ್ದರೆ ಅಂಕಿ ಜಿಗಿಯುತ್ತದೆ, ಬೀಳದಿದ್ದರೆ ಏನೂ ಇಲ್ಲ. ಆರ್ಸೆನಿಕ್ ಹಾಗಲ್ಲ, ಸುತ್ತ ಹರಡಿಕೊಂಡು ಸುಳಿವು ಕೊಡುತ್ತದೆ. ಕಬ್ಬಿಣ, ಮ್ಯಾಂಗನೀಸ್ ಕಾಲಂ ಮಾತ್ರ ಪಕ್ಕದಲ್ಲಿಟ್ಟುಕೊಂಡು ನೋಡು. ಅವುಗಳ ಆಕ್ಸೈಡ್ ಆರ್ಸೆನಿಕ್ಕನ್ನು ಹೀರಿಕೊಂಡು ಸುಳ್ಳು ಕೆಂಪು ತೋರಿಸುವುದುಂಟು.

ಇನ್ನೊಂದು ಮಾತು. ಚೌಕದ ನಡುವೆ ಹೋಗಿ ನಿಲ್ಲಬೇಡ. 1 ಚದರ ಕಿ.ಮೀ.ಗೆ ಒಂದರಂತೆ ತೆಗೆದ ನಾಲ್ಕು ಸ್ಯಾಂಪಲ್ ಬೆರೆಸಿ, 2×2 ಕಿ.ಮೀ. ಚೌಕಕ್ಕೆ ಒಂದು ಅಂಕಿ ಕೊಟ್ಟಿರುತ್ತಾರೆ. ಆರ್ಸೆನಿಕ್ ಆ ನಾಲ್ಕರಲ್ಲಿ ಒಂದರಿಂದಲೇ ಬಂದಿರಬಹುದು. ಹಳ್ಳ ಹಿಡಿದು ಮೇಲಕ್ಕೆ ನಡೆ. ಎರಡು ಹಳ್ಳ ಕೂಡುವಲ್ಲಿ, ಕೂಡುವುದಕ್ಕಿಂತ ಸ್ವಲ್ಪ ಮೇಲೆ ಎರಡರಿಂದಲೂ ಬೇರೆಬೇರೆ ತೆಗೆ.

ದಾರಿಯಲ್ಲಿ ಕೆರೆ ಇದ್ದರೆ ಹುಷಾರು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಕೆರೆಯ ಕೆಳಗಿನ ಹಳ್ಳದಲ್ಲಿ ಮೂರು ದಿನ ಜರಡಿ ಹಿಡಿದೆ. ಎಲ್ಲಾ ಖಾಲಿ ಬಂತು, ಆ ಹಳ್ಳವನ್ನೇ ಪಟ್ಟಿಯಿಂದ ತೆಗೆದೆವು. ಮುಂದಿನ ವರ್ಷ ಏರಿಯ ಮೇಲ್ಗಡೆ ತೆಗೆದಾಗ ಆರ್ಸೆನಿಕ್ ಸಿಕ್ಕಿತು. ಮೆಕ್ಕಲೆಲ್ಲ ಕೆರೆಯೊಳಗೆ ಕೂತಿತ್ತು. ಇವತ್ತಿಗೂ ನಕ್ಷೆಯಲ್ಲಿ ನೀಲಿ ಗುರುತು ಕಂಡರೆ ಏರಿ ಯಾವ ಕಡೆ ಅಂತ ಮೊದಲು ನೋಡುತ್ತೇನೆ.

ಒಂದು ಬಾಣಲೆ ತಗೊಂಡು ಹೋಗು. ಕಪ್ಪತಗುಡ್ಡದ ಹಳ್ಳಗಳಲ್ಲಿ ಜಲಗಾರರು ಮರಳು ತೊಳೆದೇ ಚಿನ್ನ ತೆಗೆಯುತ್ತಿದ್ದರು. ಲ್ಯಾಬ್ ರಿಸಲ್ಟ್ ಬರಲು ತಿಂಗಳು ಬೇಕು. ಬಾಣಲೆ ಅಲ್ಲೇ ಹೇಳುತ್ತದೆ.

ಲ್ಯಾಬ್_ಬೆಂಚು:
ಮೇಲಿನವರ ಮಾತಿಗೆ ಸ್ವಲ್ಪ ಸೇರಿಸುತ್ತೇನೆ. ನಿಮ್ಮ ಚಿನ್ನದ ಕಾಲಂನಲ್ಲಿ ಒಂದೇ ಅಂಕಿ ಸಾಲುಸಾಲಾಗಿ ಬಂದಿದೆಯಾ? ಅದು ಅಳತೆ ಆಗಿರಲಿಕ್ಕಿಲ್ಲ. ಪತ್ತೆ ಮಿತಿಗಿಂತ (ಲ್ಯಾಬ್ ಗುರುತಿಸಬಲ್ಲ ಕನಿಷ್ಠ ಅಂಕಿ) ಕಡಿಮೆ ಬಂದಾಗ ಮಿತಿಯ ಅರ್ಧ ತುಂಬಿರುತ್ತಾರೆ. ಅದರ ಮೇಲೆ ಬಣ್ಣ ಹಚ್ಚಬೇಡಿ. ಎರಡು ಶೀಟು ಜೋಡಿಸಿದಾಗ ಗಡಿಯಲ್ಲೇ ಗೆರೆ ಎಳೆದ ಹಾಗೆ ಬಣ್ಣ ಬದಲಾದರೂ ಅನುಮಾನ ಪಡಿ. ಕಲ್ಲು ಟೋಪೋಶೀಟಿನ ಗಡಿ ನೋಡಿ ಬದಲಾಗುವುದಿಲ್ಲ.

ಧಾರವಾಡ_ಎಂಎಸ್ಸಿ:
ಈಗಷ್ಟೇ ನೋಡಿದೆ. ಚಿನ್ನದ ಕಾಲಂನಲ್ಲಿ ಮುಕ್ಕಾಲು ಭಾಗ ಒಂದೇ ಅಂಕಿ! ಆರ್ಸೆನಿಕ್ ಚೌಕಗಳಲ್ಲಿ ಕಬ್ಬಿಣ ಅಷ್ಟೇನೂ ಜಾಸ್ತಿ ಇಲ್ಲ. ಮೇಲ್ಗಡೆ ಒಂದು ಸಣ್ಣ ಕೆರೆ ಇದೆ ಸರ್, ಏರಿಯ ಎರಡೂ ಕಡೆ ತೆಗೆಯುತ್ತೇನೆ. ಹಳ್ಳ ಸಿಗದ ಕಡೆ ಹೊಲದ ಮಣ್ಣು ತೆಗೆದರೆ ನಡೆಯುತ್ತದಾ?

ಹಳ್ಳದ_ಮರಳು:
ನಡೆಯುತ್ತದೆ. ಆದರೆ ಮೇಲ್ಮಣ್ಣು ಬೇಡ, ಕೆಳಗೆ ಕಲ್ಲು ಕರಗಿ ಆದ ಮಣ್ಣಿನವರೆಗೆ ಅಗೆ. ಅಗೆಯುವ ಮೊದಲು ಹೊಲದವರನ್ನು ಕೇಳು, ಕೆರೆ ಹೂಳು ಹೊಡೆಸಿದ್ದೀರಾ ಅಂತ. ಹೊಡೆಸಿದ್ದರೆ ಆ ಮಣ್ಣು ಆ ಜಾಗದ್ದಲ್ಲ. ಬದುವಿನಲ್ಲಿ ಬೆಣಚುಕಲ್ಲು ರಾಶಿ ಹಾಕಿರುತ್ತಾರೆ, ಎಲ್ಲಿಂದ ಆರಿಸಿದರು ಅಂತಲೂ ಕೇಳಿಕೊಂಡು ಬಾ.