ಅಗ್ಗಕ್ಕೆ ಸಿಗುತ್ತಿರುವ ಹೈಡ್ರೋಜನ್ ಕಾರನ್ನು ಕೊಳ್ಳಬಹುದೇ?

ಪ್ರಶ್ನೆ
ಎಲ್ಲರಿಗೂ ನಮಸ್ಕಾರ. ನಾನು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ವಾಸವಾಗಿದ್ದೇನೆ. ಇಲ್ಲಿ ಸೆಕೆಂಡ್ ಹ್ಯಾಂಡ್ ಟೊಯೋಟಾ ಮಿರಾಯ್ ಕಾರುಗಳು ಅದೇ ವರ್ಷದ ಪೆಟ್ರೋಲ್ ಕಾರುಗಳಿಗಿಂತ ಬಹಳ ಕಡಿಮೆ ಬೆಲೆಗೆ ಮಾರಾಟಕ್ಕಿವೆ. ಐದೇ ನಿಮಿಷದಲ್ಲಿ ಇಂಧನ ತುಂಬಿಸಿಕೊಂಡು ಆರುನೂರು ಕಿಲೋಮೀಟರ್ ಓಡುವ ಕಾರು ಇಷ್ಟು ಅಗ್ಗವಾಗಲು ಕಾರಣವೇನು? ನಮ್ಮ ಅಪಾರ್ಟ್‌ಮೆಂಟಿನಲ್ಲಿ ಚಾರ್ಜಿಂಗ್ ಸೌಲಭ್ಯವಿಲ್ಲದ್ದರಿಂದ ಈ ಯೋಚನೆ ಬಂದಿದೆ. ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1
ಕಾರಿನಲ್ಲಿ ದೋಷವಿಲ್ಲ, ತೊಂದರೆಯಿರುವುದು ಇಂಧನದ ಬೆಲೆಯಲ್ಲಿ. ಎರಡನೇ ಪೀಳಿಗೆಯ ಮಿರಾಯ್‌ನ ಟ್ಯಾಂಕುಗಳಲ್ಲಿ ಸುಮಾರು 5.6 ಕಿಲೋ ಹೈಡ್ರೋಜನ್ ಹಿಡಿಯುತ್ತದೆ. ಕ್ಯಾಲಿಫೋರ್ನಿಯಾದ ಬಂಕುಗಳಲ್ಲಿ ಕಿಲೋ ಬೆಲೆ 36 ಡಾಲರ್‌ವರೆಗೂ ಏರಿದ್ದುಂಟು. ಆ ದರದಲ್ಲಿ ಒಮ್ಮೆ ಪೂರ್ತಿ ತುಂಬಿಸಲು 200 ಡಾಲರ್ ಬೇಕು. ಅಷ್ಟೇ ಹಣಕ್ಕೆ, ಪೆಟ್ರೋಲ್ ಗ್ಯಾಲನ್‌ಗೆ 5 ಡಾಲರ್ ಎಂದುಕೊಂಡರೂ, ಪ್ರಿಯಸ್‌ನಂಥ ಹೈಬ್ರಿಡ್ ಕಾರು 3000 ಕಿಲೋಮೀಟರಿಗೂ ಹೆಚ್ಚು ಓಡುತ್ತದೆ. ಹೊಸ ಕಾರು ಕೊಂಡವರಿಗೆ ಕಂಪನಿಯೇ 15,000 ಡಾಲರ್‌ವರೆಗಿನ ಇಂಧನ ಕಾರ್ಡ್ ಕೊಡುತ್ತಿದ್ದುದರಿಂದ ಅವರಿಗೆ ಈ ಭಾರ ತಟ್ಟಲಿಲ್ಲ. ಕಾರ್ಡ್ ಇಲ್ಲದೆ ಕೊಳ್ಳುವ ನೀವು ಕೈಯಿಂದಲೇ ತೆರಬೇಕು.

ಉತ್ತರ 2
ಮೇಲಿನವರ ಲೆಕ್ಕ ಸರಿ. ಈ ದುಬಾರಿತನದ ಒಂದು ಭಾಗ ಭೌತಶಾಸ್ತ್ರದ್ದೇ ಆದ್ದರಿಂದ ಅದು ಸುಲಭವಾಗಿ ಇಳಿಯುವಂಥದ್ದಲ್ಲ ಎಂಬುದನ್ನೂ ಗಮನಿಸಬೇಕು. ನೀರನ್ನು ವಿಭಜಿಸಿ ಒಂದು ಕಿಲೋ ಹೈಡ್ರೋಜನ್ ಪಡೆಯಲು 50ರಿಂದ 55 ಯೂನಿಟ್ ವಿದ್ಯುತ್ ಬೇಕು. ಬಳಿಕ ಅದನ್ನು 700 ಬಾರ್ (ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು 700 ಪಟ್ಟು) ಒತ್ತಡಕ್ಕೆ ಏರಿಸಿ, ತುಂಬುವಾಗ ಟ್ಯಾಂಕ್ ಕಾಯದಂತೆ ಸೊನ್ನೆಗಿಂತ 40 ಡಿಗ್ರಿ ಕೆಳಕ್ಕೆ ತಂಪುಗೊಳಿಸಬೇಕು. ಇಷ್ಟಾಗಿ, ಕಾರಿನೊಳಗೆ ಹೈಡ್ರೋಜನ್‌ನಿಂದ ವಿದ್ಯುತ್ ಉತ್ಪಾದಿಸುವ ಫ್ಯೂಯಲ್ ಸೆಲ್‌ನಲ್ಲಿ ವಿದ್ಯುತ್ತಾಗಿ ಮರಳುವುದು ಅದರ ಶಕ್ತಿಯ ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ. ಒಂದು ಕಿಲೋಗೆ ಮಿರಾಯ್ ಸುಮಾರು 115 ಕಿಲೋಮೀಟರ್ ಓಡಿದರೆ, ಅದನ್ನು ತಯಾರಿಸಲು ಖರ್ಚಾದ ವಿದ್ಯುತ್ತನ್ನು ನೇರವಾಗಿ ಬ್ಯಾಟರಿ ಕಾರಿಗೆ ತುಂಬಿದ್ದರೆ ಅದು 300 ಕಿಲೋಮೀಟರಿನಷ್ಟು ಓಡುತ್ತಿತ್ತು. ನೈಸರ್ಗಿಕ ಅನಿಲದಿಂದ ತಯಾರಿಸಿದರೆ ಖರ್ಚು ತಗ್ಗುತ್ತದೆ, ಆದರೆ ಇಂಗಾಲದ ಹೊಗೆ ಉಳಿಯುತ್ತದೆ. ಹಾಗಾದರೆ ಇಷ್ಟೆಲ್ಲ ಶ್ರಮ ಏತಕ್ಕೆ?

ಉತ್ತರ 3
ಬೆಲೆಗಿಂತ ನನ್ನನ್ನು ಹೆಚ್ಚು ಚಿಂತೆಗೀಡುಮಾಡುವುದು ಬಂಕುಗಳ ಸ್ಥಿತಿ. 2024ರ ಫೆಬ್ರವರಿಯಲ್ಲಿ ಶೆಲ್ ಕಂಪನಿ ಕ್ಯಾಲಿಫೋರ್ನಿಯಾದಲ್ಲಿ ಕಾರುಗಳಿಗಾಗಿ ನಡೆಸುತ್ತಿದ್ದ ತನ್ನ ಹೈಡ್ರೋಜನ್ ಬಂಕುಗಳನ್ನು ಮುಚ್ಚಿತು. ತೆರೆದಿರುವ ಬಂಕುಗಳಲ್ಲಿಯೂ ಒಂದರ ಹಿಂದೊಂದು ಕಾರು ಬಂದರೆ ಒತ್ತಡ ಮತ್ತೆ ಏರುವವರೆಗೆ ಕಾಯಬೇಕಾಗುತ್ತದೆ. ನೀವು ಹೇಳುವ ಐದು ನಿಮಿಷದ ಮಾತು ಸರದಿಯಲ್ಲಿ ಮೊದಲು ನಿಂತವರಿಗೆ ಸಲ್ಲುತ್ತದೆ. ಆದ್ದರಿಂದ ಕಚೇರಿ ಬಿಡುವ ಹೊತ್ತಿಗೆ ನಿಮ್ಮ ಹತ್ತಿರದ ಬಂಕಿಗೆ ಹೋಗಿ ಕಣ್ಣಾರೆ ನೋಡಿ. ಆ ಮೇಲೂ ಕೊಳ್ಳುವ ಮನಸ್ಸಿದ್ದರೆ, ಇಂಧನ ತುಂಬುವ ಮುಚ್ಚಳವನ್ನು ತೆರೆದು ಒಳಗಿನ ಚೀಟಿಯನ್ನು ಓದಿ: ಟ್ಯಾಂಕ್ ತಯಾರಾಗಿ ಹದಿನೈದು ವರ್ಷ ತುಂಬುವ ದಿನಾಂಕ ಅದರಲ್ಲಿರುತ್ತದೆ, ಅದಾದ ಬಳಿಕ ಆ ಕಾರಿಗೆ ಹೈಡ್ರೋಜನ್ ತುಂಬುವಂತಿಲ್ಲ.