ಹೌಸ್ ಸ್ವಿಫ್ಟೋ, ಪಾಮ್ ಸ್ವಿಫ್ಟೋ? ಗುರುತು ಹಿಡಿಯೋದು ಹೇಗೆ?

ಪ್ರಶ್ನೆ: ಜಯನಗರ, ನಾಲ್ಕನೇ ಮಹಡಿಯ ತಾರಸಿ. ಸಂಜೆ 20-30 ಸ್ವಿಫ್ಟ್ ಹಕ್ಕಿಗಳು (ಬಾನಾಡಿ) ಸುತ್ತುತ್ತವೆ. ಕೆಲವು ದಪ್ಪ, ಕೆಲವು ಸಣಕಲು. ಎರಡು ಜಾತಿ ಸೇರಿಕೊಂಡಿವೆಯಾ? ಫೋಟೋದಲ್ಲಿ ಎಲ್ಲವೂ ಕರೀ ನೆರಳು. ಗೊತ್ತಿದ್ದವರು ದಯವಿಟ್ಟು ತಿಳಿಸಿ.

ಉತ್ತರ: ಸೇರಿಕೊಂಡಿರಬಹುದು. ಬೆಂಗಳೂರಿನಲ್ಲಿ ಎರಡೂ ವರ್ಷವಿಡೀ ಇವೆ (ಇಲ್ಲಿನ ಹೌಸ್ ಸ್ವಿಫ್ಟನ್ನು ಈಗ ಲಿಟಲ್ ಸ್ವಿಫ್ಟ್ ಅಂತಾರೆ). ಗಾತ್ರ ನಂಬಬೇಡಿ, ಎರಡೂ ಸುಮಾರು 12-13 ಸೆಂ.ಮೀ. ಅಷ್ಟೇ. ಬಣ್ಣವನ್ನೂ ಆಮೇಲೆ ನೋಡಿ. ಬೆಳಕಿಗೆ ಎದುರಾದರೆ ಕಂದು, ಕಪ್ಪು ಎಲ್ಲ ಒಂದೇ. ಮೊದಲು ಬಾಲ. ಹೌಸ್ ಸ್ವಿಫ್ಟ್‌ನದು ಮೊಂಡು ಬಾಲ, ಕತ್ತರಿಯಲ್ಲಿ ನೇರ ಕತ್ತರಿಸಿದ ಹಾಗೆ. ತಿರುಗುವಾಗ ಬಿಚ್ಚಿದರೆ ಅಂಚು ದುಂಡಗಾಗುತ್ತೆ. ಪಾಮ್ ಸ್ವಿಫ್ಟ್‌ನ ಬಾಲ ಆಳವಾದ ಕವಲು, ಆದರೆ ನೆಟ್ಟಗೆ ಹಾರುವಾಗ ಅದನ್ನು ಮಡಚಿಕೊಂಡಿರುತ್ತೆ. ಆಗ ಹಿಂದೆ ಒಂದು ಸೂಜಿ ಸಿಕ್ಕಿಸಿದ ಹಾಗೆ ಕಾಣುತ್ತೆ. ಕವಲು ಕಾಣಲಿಲ್ಲ ಅಂತ ಹೌಸ್ ಸ್ವಿಫ್ಟ್ ಎಂದು ಬರೆದುಕೊಳ್ಳೋದೇ ಎಲ್ಲರೂ ಮಾಡುವ ತಪ್ಪು. ಹಕ್ಕಿ ಪಕ್ಕಕ್ಕೆ ಹೊರಳುವವರೆಗೆ ಕಾಯಿರಿ.

ಉತ್ತರ: ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಪಾಮ್ ಸ್ವಿಫ್ಟ್ ಮರಿಗಳಲ್ಲಿ ಕವಲು ಅಷ್ಟು ಆಳ ಇರೋದಿಲ್ಲ. ಅಂಥ ಕಡೆ ಸೊಂಟ ನೋಡಿ. ಹೌಸ್ ಸ್ವಿಫ್ಟ್‌ಗೆ ಬಾಲದ ಬುಡದಲ್ಲಿ ಅಚ್ಚ ಬಿಳಿ ಪಟ್ಟಿ, ಪಕ್ಕೆಯವರೆಗೂ ಸುತ್ತಿಕೊಂಡಿರುತ್ತೆ, ಗಂಟಲೂ ಬಿಳಿ. ಪಾಮ್ ಸ್ವಿಫ್ಟ್‌ನಲ್ಲಿ ಆ ಬಿಳಿ ಪಟ್ಟಿ ಇಲ್ಲ, ಮೈಯೆಲ್ಲ ಮಾಸಲು ಕಂದು, ರೆಕ್ಕೆ ಕುಡುಗೋಲಿನಂತೆ ಸಪೂರ. ಬೆನ್ನು ಕಾಣಬೇಕಾದರೆ ನಿಮ್ಮ ತಾರಸಿ ಒಳ್ಳೇ ಜಾಗ. ಇಲ್ಲವೇ ಕೆರೆ ಏರಿ ಮೇಲೆ ನಿಲ್ಲಿ: ಹಾರುತ್ತಲೇ ನೀರಿಗೆ ಕೊಕ್ಕು ತಾಗಿಸಿ ಕುಡಿಯುವಾಗ ಬೆನ್ನು ನಿಮ್ಮ ಕಣ್ಣಿನ ಕೆಳಗೇ ಹಾದುಹೋಗುತ್ತೆ.

ಉತ್ತರ: ಫೋಟೋ ಕಪ್ಪಾಗೋದು ಕ್ಯಾಮೆರಾ ಆಕಾಶದ ಬೆಳಕನ್ನು ಅಳೆಯೋದರಿಂದ. ಕ್ಯಾಮೆರಾದ ಎಕ್ಸ್‌ಪೋಶರ್ ಕಾಂಪೆನ್ಸೇಶನ್ (ಚಿತ್ರವನ್ನು ಬೆಳ್ಳಗಾಗಿಸುವ ಸೆಟ್ಟಿಂಗ್) +1ರಿಂದ +1.7 ಏರಿಸಿ, ಶಟರ್ ವೇಗ ಕನಿಷ್ಠ 1/2000 ಸೆಕೆಂಡ್. ಸಂಜೆ ಬೆಳಕು ಸಾಲದೆ ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟ) ಏರುತ್ತೆ, ಗರಿಯ ವಿವರ ಹೋಗುತ್ತೆ. ಬೆಳಿಗ್ಗೆ ಸೂರ್ಯ ನಿಮ್ಮ ಬೆನ್ನ ಹಿಂದಿರುವಾಗ ತೆಗೆಯಿರಿ. ದುರ್ಬೀನು 8x42 (ಎಂಟು ಪಟ್ಟು ಹತ್ತಿರ ತೋರಿಸುವ, 42 ಮಿ.ಮೀ. ಮುಂಗಾಜಿನದು) ಸಾಕು. 10x ತಗೊಂಡರೆ ನೋಟದ ಹರವು ಕಿರಿದು, ಹಕ್ಕಿ ತಪ್ಪಿಸಿಕೊಳ್ಳುತ್ತೆ. ದೂರದ ನೀರಿನ ಟ್ಯಾಂಕಿಗೆ ಮೊದಲೇ ಫೋಕಸ್ ಕೂರಿಸಿಕೊಂಡಿರಿ.

ಉತ್ತರ: ತಂತಿ ಮೇಲೆ ಕೂತರೆ ಅದು ಸ್ವಿಫ್ಟ್ ಅಲ್ಲವೇ ಅಲ್ಲ, ಅಂಬರಗುಬ್ಬಿ (ಸ್ವಾಲೋ) ಇರಬಹುದು. ಸ್ವಿಫ್ಟ್‌ಗಳು ಗೋಡೆಗೋ ತಾಳೆಗರಿಗೋ ಉಗುರು ಸಿಕ್ಕಿಸಿ ಜೋತುಬೀಳುತ್ತವೆ ಅಷ್ಟೇ.

ಉತ್ತರ: ಗೂಡು ಸಿಕ್ಕರೆ ಅನುಮಾನವೇ ಉಳಿಯಲ್ಲ. ಹೌಸ್ ಸ್ವಿಫ್ಟ್ ಸೂರಿನಡಿ, ಸೇತುವೆ ಕೆಳಗೆ ಪುಕ್ಕ, ಹುಲ್ಲನ್ನು ಎಂಜಲಲ್ಲಿ ಅಂಟಿಸಿ ಗುಂಪಾಗಿ ಕಟ್ಟುತ್ತೆ. ಪಾಮ್ ಸ್ವಿಫ್ಟ್‌ಗೆ ಸಾಮಾನ್ಯವಾಗಿ ಬೀಸಣಿಗೆಯಂಥ ಗರಿ ಇರುವ ತಾಳೆ ಜಾತಿಯ ಮರ ಬೇಕು. ಗರಿಯ ಅಡಿಭಾಗದ ಮಡಿಕೆಯಲ್ಲಿ ಪುಟ್ಟ ಬಟ್ಟಲಿನಂತೆ ಅಂಟಿಸಿರುತ್ತೆ. ನಿಮ್ಮ ಅಪಾರ್ಟ್‌ಮೆಂಟಲ್ಲಿ ಅಂಥ ಮರ ಇದ್ದರೆ, ಜೋತುಬಿದ್ದ ಒಣ ಗರಿಗಳನ್ನು ಮಾಲಿ ಕಡಿಯುವ ಮುಂಚೆ ಕೆಳಗೆ ನಿಂತು ಹತ್ತು ನಿಮಿಷ ನೋಡಿ. ಹಕ್ಕಿ ಸರ್ರನೆ ಗರಿಯೊಳಗೆ ನುಗ್ಗಿ ಹೊರಬರುತ್ತಿದ್ದರೆ ಒಳಗೆ ಗೂಡಿರುವ ಸಾಧ್ಯತೆ ಹೆಚ್ಚು. ಮರಿ ಹಾರುವವರೆಗೆ ಕಡಿಸಬೇಡಿ.