ಸಹಾಯ ಬೇಕು: ವಿಟಮಿನ್ ಡಿ ಸರಿಯಾದರೆ ಥೈರಾಯ್ಡ್ ಆಂಟಿಬಾಡಿ ಇಳಿಯುತ್ತಾ?

ಎಲ್ಲರಿಗೂ ನಮಸ್ಕಾರ. ಮೂರು ವರ್ಷದಿಂದ ನನಗೆ ಹಾಶಿಮೊಟೊ ಥೈರಾಯ್ಡ್ ಇದೆ, ಅಂದರೆ ದೇಹದ ರೋಗನಿರೋಧಕ ಶಕ್ತಿಯೇ ಥೈರಾಯ್ಡ್ ಗ್ರಂಥಿಯ ಮೇಲೆ ದಾಳಿ ಮಾಡುವ ಆಟೋಇಮ್ಯೂನ್ ಕಾಯಿಲೆ. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ 75ರ ಥೈರಾಯ್ಡ್ ಮಾತ್ರೆ ನುಂಗಿ, ಕಾಫಿಗೆ ಗಡಿಯಾರ ನೋಡುತ್ತಾ ಕೂರುತ್ತೇನೆ. ಟಿಎಸ್‌ಎಚ್ (ಥೈರಾಯ್ಡ್ ಹೇಗಿದೆ ಅಂತ ತಿಳಿಸುವ ರಕ್ತಪರೀಕ್ಷೆ) 3.1, ಸರಿಯಾಗೇ ಇದೆ. ಆದರೂ ವಿಪರೀತ ಸುಸ್ತು, ಬಾಚಣಿಗೆ ತುಂಬ ಕೂದಲು. ಹೋದ ವಾರ ವಿಟಮಿನ್ ಡಿ ಟೆಸ್ಟ್ ಮಾಡಿಸಿದರೆ ಬರೀ 11! 20ಕ್ಕಿಂತ ಕೆಳಗಿದ್ದರೆ ಕೊರತೆ ಅಂತಾರೆ ಅಲ್ವಾ. ನಾನು ಬಿಸಿಲು ನೋಡೋದೇ ಭಾನುವಾರ ಟೆರೇಸಿನಲ್ಲಿ ಬಟ್ಟೆ ಒಣಹಾಕುವಾಗ.

ಡಾಕ್ಟರು ವಾರಕ್ಕೊಂದರಂತೆ 60,000 ಯೂನಿಟ್ ಪುಡಿ, ಎಂಟು ವಾರಕ್ಕೆ ಬರೆದಿದ್ದಾರೆ, ಜೊತೆಗೆ ಕ್ಯಾಲ್ಸಿಯಂ. ಕ್ಯಾಲ್ಸಿಯಂಗೂ ಥೈರಾಯ್ಡ್ ಮಾತ್ರೆಗೂ ನಾಲ್ಕು ಗಂಟೆ ಅಂತರ ಬೇಕು ಅಂತ ಹೇಳಿದ್ದು ಮೆಡಿಕಲ್ ಶಾಪಿನ ಹುಡುಗ!

ಹಾಶಿಮೊಟೊ ಇರುವವರಲ್ಲಿ ಡಿ ಕಡಿಮೆ ಇರೋದು ಜಾಸ್ತಿ ಅಂತ ಓದಿದೆ, ಆದರೆ ಡಿ ಇಳಿದು ಕಾಯಿಲೆ ಬಂತೋ, ಕಾಯಿಲೆ ಬಂದು ಡಿ ಇಳಿಯಿತೋ? ಅಮೆರಿಕದಲ್ಲಿ 25,000ಕ್ಕೂ ಹೆಚ್ಚು ಜನರಿಗೆ ಐದು ವರ್ಷ ನಡೆಸಿದ ವೈಟಲ್ ಅಧ್ಯಯನದಲ್ಲಿ, ದಿನಾ 2,000 ಯೂನಿಟ್ ತಗೊಂಡವರಿಗೆ ಆಟೋಇಮ್ಯೂನ್ ಕಾಯಿಲೆಗಳು ಸುಮಾರು 22% ಕಡಿಮೆ ಬಂದವಂತೆ. ಸರಿ, ನನಗೆ ಆಗಲೇ ಬಂದಾಗಿದೆಯಲ್ಲ!

ಡಿ ಏರಿದ ಮೇಲೆ ನಿಮ್ಮಲ್ಲಿ ಯಾರಿಗಾದರೂ ಆಂಟಿ ಟಿಪಿಒ (ಥೈರಾಯ್ಡ್ ಆಂಟಿಬಾಡಿ) ಇಳಿದಿದೆಯಾ? ನಂದು 640. ಸುಸ್ತು ಎಷ್ಟು ವಾರಕ್ಕೆ ಕಡಿಮೆಯಾಯಿತು? ಡೋಸ್ ಬದಲಿಸಲ್ಲ, ಡಾಕ್ಟರನ್ನು ಕೇಳಿಯೇ ಮಾಡುತ್ತೇನೆ, ಸುಮ್ನೆ ನಿಮ್ಮ ಅನುಭವ ಹೇಳಿ ಸಾಕು.